ಕಣಜದ ಲೆಕ್ಕ

ಗಳಿಸುವುದು ಒಂದು ವಿದ್ಯೆ. ಗಳಿಸಿದ್ದನ್ನು ಇಡುವುದು ಮತ್ತೊಂದು ವಿದ್ಯೆ. ಮೊದಲನೆಯದು ಹುರುಪುಳ್ಳವರಿಗೆಲ್ಲ ಬರುತ್ತದೆ. ಎರಡನೆಯದು ಮುಂದಾಲೋಚನೆಯುಳ್ಳವರಿಗೆ ಮಾತ್ರ ಒಲಿಯುತ್ತದೆ. ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇಂದಿನ ಮಕ್ಕಳು ಗಣಕಯಂತ್ರದ ಪರದೆಯ ಮೇಲೆ ಆಡುವ ಆಟಗಳಲ್ಲಿಯೇ ಅದು ದೊರೆಯುತ್ತದೆ.

ಗುಂಡಿಯನ್ನು ಒತ್ತಿ ಒತ್ತಿ ಸಂಪತ್ತನ್ನು ಕೂಡಿಸುವ ಆಟಗಳು ಹಲವು. 2013ರಲ್ಲಿ ಫ್ರಾನ್ಸಿನ ಜೂಲಿಯನ್ ತಿಯೆನೊ ರಚಿಸಿದ ‘ಕುಕೀ ಕ್ಲಿಕರ್’ ಅವುಗಳಲ್ಲಿ ಹೆಸರಾದುದು. ಅದರಲ್ಲಿ ಬಿಸ್ಕತ್ತುಗಳು ಕೋಟಿಗಟ್ಟಲೆ ಕೂಡಿದರೂ ಅವನ್ನು ಎಲ್ಲಿಡುವುದೆಂಬ ಚಿಂತೆಯಿಲ್ಲ. ‘ಕಿಟನ್ಸ್ ಗೇಮ್’ ಎಂಬ ಆಟ ಹಾಗಲ್ಲ. ಅದು ಬೆಕ್ಕಿನ ಮರಿಗಳಿಗಾಗಿ ಊರು ಕಟ್ಟುವ ಆಟ. ಪುದೀನದ ಕುಟುಂಬಕ್ಕೆ ಸೇರಿದ ಕ್ಯಾಟ್‌ನಿಪ್ ಎಂಬ ಸಸ್ಯವೇ ಆ ಮರಿಗಳ ಆಹಾರ. ಆಟಗಾರ ಹೊಲ ಮಾಡಬೇಕು, ಮರ ಕೂಡಿಸಬೇಕು, ಗುಡಿಸಲು ಕಟ್ಟಬೇಕು. ಆದರೆ ಹಲವು ವಸ್ತುಗಳ ದಾಸ್ತಾನಿಗೆ ಒಂದು ಮಿತಿಯುಂಟು. ಆರಂಭದಲ್ಲಿ ಆಹಾರಕ್ಕೆ 5000, ಮರಕ್ಕೆ 200. ಮಿತಿ ಮುಟ್ಟಿದ ಮೇಲೆ ಬೆಳೆದದ್ದೆಲ್ಲ ವ್ಯರ್ಥ.

ಒಂಬತ್ತನೆಯ ತರಗತಿಯ ಹುಡುಗನೊಬ್ಬ ಈ ಆಟಕ್ಕೆ ಮನಸೋತಿದ್ದ. ಒಂದು ಗುಡಿಸಲಿಗೆ ಎರಡು ಮರಿಗಳಂತೆ, ಐದು ಗುಡಿಸಲುಗಳಲ್ಲಿ ಹತ್ತು ಮರಿಗಳು ನೆಲೆಸಿದ್ದವು. ಆರನೆಯ ಗುಡಿಸಲನ್ನು ಬೇಗ ಕಟ್ಟಬೇಕೆಂಬ ಆತುರದಲ್ಲಿ ಅವನು ಎಲ್ಲ ಮರಿಗಳನ್ನೂ ಮರ ಕಡಿಯಲು ನೇಮಿಸಿದ. ಅಷ್ಟರಲ್ಲಿ ಆಟದಲ್ಲಿ ಚಳಿಗಾಲ ಬಂತು. ಮರದ ಲೆಕ್ಕ 200ಕ್ಕೆ ಏರಿ ಅಲ್ಲಿಯೇ ನಿಂತಿತು. ಆಹಾರದ ಲೆಕ್ಕ ಇಳಿಯುತ್ತ ಇಳಿಯುತ್ತ ಸೊನ್ನೆಯಾಯಿತು. ಮರಿಗಳು ಒಂದೊಂದಾಗಿ ಹಸಿವಿನಿಂದ ಸತ್ತವು. ಅಂಕಿಗಳ ಮರಿಗಳೇ ಆದರೂ ಹುಡುಗನ ಮುಖ ಬಾಡಿತು.

ಅಕ್ಕಿ ಆರಿಸುತ್ತ ಕುಳಿತಿದ್ದ ಅಜ್ಜಿ ವಿಷಯವನ್ನೆಲ್ಲ ಕೇಳಿ, “ಕಡಿದದ್ದನ್ನೆಲ್ಲ ಇಡುವುದಕ್ಕೆ ಜಾಗ ಇತ್ತೇನಪ್ಪಾ?” ಎಂದಳು.

ಹುಡುಗ ಕಾಗದ ತೆಗೆದು ಲೆಕ್ಕ ಹಾಕಿದ. ಮರಿಯೊಂದು ಸೆಕೆಂಡಿಗೆ 4.25ರಂತೆ ತಿನ್ನುತ್ತದೆ. ಆಟದ ಒಂದು ದಿನಕ್ಕೆ 2 ಸೆಕೆಂಡು. ಒಂದು ಋತುವಿಗೆ 100 ದಿನ. ಹಾಗಾದರೆ ಚಳಿಗಾಲವೊಂದಕ್ಕೆ ಮರಿಯೊಂದಕ್ಕೆ 850, ಹತ್ತು ಮರಿಗಳಿಗೆ 8500 ಬೇಕು. ದಾಸ್ತಾನಿನ ಮಿತಿಯೋ 5000. ಚಳಿಗಾಲದಲ್ಲಿ ಹೊಲಗಳು ಎಂದಿನ ಇಳುವರಿಯ ಕಾಲು ಭಾಗವನ್ನಷ್ಟೇ ಕೊಡುತ್ತವೆ. ಇನ್ನು ಮರದ ಮಾತು. ಮೊದಲ ಗುಡಿಸಲಿಗೆ 5 ಮರ. ಮುಂದಿನ ಪ್ರತಿಯೊಂದಕ್ಕೂ ಹಿಂದಿನದರ ಎರಡೂವರೆಯಷ್ಟು. ಐದನೆಯದಕ್ಕೆ 195, ಆರನೆಯದಕ್ಕೆ 488! ಇನ್ನೂರೇ ಹಿಡಿಯುವ ಜಾಗದಲ್ಲಿ 488 ಕೂಡುವುದೆಂತು? ಎಂದಿಗೂ ಕಟ್ಟಲಾಗದ ಗುಡಿಸಲಿಗಾಗಿ ಅವನ ಮರಿಗಳು ಉಪವಾಸವಿದ್ದು ದುಡಿದಿದ್ದವು. ಆದರೆ ಕೇವಲ 50 ಮರಕ್ಕೆ ಒಂದು ಕಣಜವನ್ನು ಕಟ್ಟಬಹುದಾಗಿತ್ತು. ಅದು ಆಹಾರಕ್ಕೆ 5000, ಮರಕ್ಕೆ 200ರಷ್ಟು ಜಾಗವನ್ನು ಹೆಚ್ಚಿಸುತ್ತಿತ್ತು. ಬೇಕಾದುದು ಕೈಯಲ್ಲೇ ಇತ್ತು. ಕಣ್ಣು ಮಾತ್ರ ಬೇರೆಡೆ ಇತ್ತು.

ಹುಡುಗ ಮತ್ತೆ ಮೊದಲಿನಿಂದ ಆಡಿದ. ಈ ಸಲ ಹೆಚ್ಚಿನ ಗುಡಿಸಲುಗಳಿಗಿಂತ ಮೊದಲು ಕಣಜ ಎದ್ದಿತು. ಉಣ್ಣುವ ಬಾಯಿಗಳು ಅದರ ಅಳತೆಗೆ ತಕ್ಕಂತೆ ಬಂದವು. ಚಳಿಗಾಲ ಕಳೆದಾಗ ಮರಿಗಳೆಲ್ಲ ಬದುಕಿದ್ದವು. ಅವನು ಹಿಗ್ಗಿನಿಂದ ಇನ್ನೊಂದು ಲೆಕ್ಕ ಮಾಡಿದ: ಆಟದ ವರ್ಷಕ್ಕೆ 800 ಸೆಕೆಂಡು, ಎಂಟು ಗಂಟೆ ನಿದ್ರೆ ಮಾಡಿ ಏಳುವಷ್ಟರಲ್ಲಿ ಅಲ್ಲಿ 36 ವರ್ಷಗಳು! ಅಷ್ಟು ವರ್ಷಗಳ ಮೇಲೆ ಕಣ್ಣಿಡಬೇಕಾದರೆ ರಾತ್ರಿಯೆಲ್ಲ ಎಚ್ಚರವಿರಬೇಕು.

ಅವನು ಗೋಡೆಯ ಗಡಿಯಾರವನ್ನು ನೋಡಿದ. ಆಟದ ಕಣಜವನ್ನು ಒಂದರ ಮೇಲೊಂದು ಕಟ್ಟಿ ಹಿಗ್ಗಿಸಬಹುದು; ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹಿಗ್ಗಿಸುವ ಕಣಜ ಯಾವ ಮರದಿಂದಲೂ ಆಗದು. ಪಾಠ, ಊಟ, ನಿದ್ರೆ, ಆಟ ಎಲ್ಲವೂ ಅದರಲ್ಲಿಯೇ ಹಿಡಿಯಬೇಕು. ಹುಡುಗ ಪರದೆಯನ್ನು ಆರಿಸಿ ಮಲಗಲು ಹೊರಟ. ಅಜ್ಜಿ ಆರಿಸಿದ ಅಕ್ಕಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದಳು.