ಬಾಲ ಇದ್ದರೆ ತಿನ್ನಬಹುದು

ಜರ್ಮನಿಯ ಫ್ರೈಬುರ್ಗ್‌ನ ಎರಡನೇ ನಂಬರಿನ ಟ್ರಾಮ್ ಊರ ದಕ್ಷಿಣಕ್ಕೆ ಹೋಗಿ, ಗುಂಟರ್ಸ್‌ಟಾಲ್ ಎಂಬಲ್ಲಿ ಹಳೆಯ ಮಠದ ಹೆಬ್ಬಾಗಿಲ ಕಮಾನಿನೊಳಗೇ ನುಗ್ಗುತ್ತದೆ. "ತಲೆ ಬಗ್ಗಿಸು ಅಜ್ಜಿ" ಎಂದಳು ನಾಲ್ಕು ವರ್ಷದ ಮೊಮ್ಮಗಳು. ಬಗ್ಗಿಸಿದೆ. ಎದುರು ಕೂತಿದ್ದ ಮುದುಕರೊಬ್ಬರು ಪೇಪರಿನ ಹಿಂದೆ ನಕ್ಕಂತಾಯಿತು.

ಅಕ್ಟೋಬರ್ ನಡುಭಾಗ. ಎಂಟಾದರೂ ಸರಿಯಾಗಿ ಬೆಳಕಿಲ್ಲ, ಸೋನೆ ಹಿಡಿದಿತ್ತು, ಮೊಬೈಲಿನಲ್ಲಿ ಆರು ಡಿಗ್ರಿ. ಮನೆಯವರು ಒಂದು ದಿನ ಮಕ್ಕಳ ಜೊತೆ ಕಾಡಿನಲ್ಲಿ ಇರಬಹುದು ಎಂದು ಶಾಲೆಯಿಂದ ಚೀಟಿ ಬಂದಿತ್ತು. ಮಗಳಿಗೂ ಅಳಿಯನಿಗೂ ಆಫೀಸು. ಹೊರಟವಳು ನಾನು. ತೀರ್ಥಹಳ್ಳಿ ಕಡೆ ಮೂವತ್ತೊಂದು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳಿಗೆ ಗೋಡೆಯಿಲ್ಲದ ಶಾಲೆಯ ಬಗ್ಗೆ ಕುತೂಹಲಕ್ಕಿಂತ ಅನುಮಾನವೇ ಜಾಸ್ತಿ.

ಕಿಂಡರ್‌ಗಾರ್ಟನ್ ಎಂದರೆ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟವರು ಇದೇ ದೇಶದ ಫ್ರೀಡ್ರಿಷ್ ಫ್ರೋಬೆಲ್ ಎಂದು ಟಿ.ಸಿ.ಎಚ್. ಓದುವಾಗ ಬಾಯಿಪಾಠ ಮಾಡಿದ್ದೆ. ಹೆಸರು ನಮ್ಮೂರಿನ ತನಕ ಬಂತು, ತೋಟ ಮಾತ್ರ ಬರಲಿಲ್ಲ. ಮೊಮ್ಮಗಳ ಶಾಲೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ವಾಲ್ಡ್‌ಕಿಂಡರ್‌ಗಾರ್ಟನ್, ಕಾಡಿನದು. 1950ರ ದಶಕದಲ್ಲಿ ಡೆನ್ಮಾರ್ಕ್‌ನ ಎಲಾ ಫ್ಲಾಟೌ ಎಂಬ ತಾಯಿ ಮಕ್ಕಳನ್ನು ಕಾಡಿಗೆ ಕರೆದೊಯ್ಯತೊಡಗಿದರು. ಜರ್ಮನಿಯಲ್ಲಿ ಇಂಥ ಶಾಲೆಗೆ ಮೊದಲು ಸರ್ಕಾರದ ಮನ್ನಣೆ ಸಿಕ್ಕಿದ್ದು 1993ರಲ್ಲಿ, ಉತ್ತರದ ಫ್ಲೆನ್ಸ್‌ಬುರ್ಗ್ ಊರಿನಲ್ಲಿ.

ಕಟ್ಟಡ ಅಂತ ಇದ್ದದ್ದು ಚಕ್ರದ ಮೇಲೆ ನಿಂತ ಒಂದು ಮರದ ಡಬ್ಬಿ, ಒಳಗೊಂದು ಸೌದೆ ಒಲೆ. ತೀರಾ ಚಳಿಯಾದರೆ ಮಾತ್ರ ಅದರೊಳಗೆ. ಜೋರು ಗಾಳಿ ಬಿಟ್ಟರೆ ಕೊಂಬೆ ಬೀಳುತ್ತದೆಂದು ಕಾಡಿಗೆ ಹೋಗುವುದೇ ಇಲ್ಲವಂತೆ. ಮಳೆಗೆ ರಜೆಯಿಲ್ಲ. ಹದಿನೇಳು ಮಕ್ಕಳು ರಬ್ಬರ್ ಪ್ಯಾಂಟು ಹಾಕಿಕೊಂಡು ವೃತ್ತವಾಗಿ ನಿಂತರು, ಐದು ವರ್ಷದ ಒಬ್ಬ ಹುಡುಗ ಎಲ್ಲರ ತಲೆ ಮುಟ್ಟಿ ಎಣಿಸಿದ. ಕೊನೆಗೆ ನನ್ನನ್ನೂ ಸೇರಿಸಿಕೊಂಡ.

ಕಾಡಿನ ಶಾಲೆ ಅಂದರೆ ಮಕ್ಕಳನ್ನು ಬಿಟ್ಟುಬಿಡುವುದು ಅಂದುಕೊಂಡಿದ್ದೆ. ಅದು ನನ್ನ ತಪ್ಪು ಲೆಕ್ಕ. ನನ್ನ ಕ್ಲಾಸಿನಲ್ಲೂ ಅಷ್ಟು ಕಟ್ಟುನಿಟ್ಟಿರಲಿಲ್ಲ. ಮುಂದೆ ಓಡಿದವರು ಗೊತ್ತಾದ ಒಂದು ಓಕ್ ಮರದ ಹತ್ತಿರ ನಿಲ್ಲಬೇಕು. ಕೊನೆಯವರು ಬರುವ ತನಕ ಅಲ್ಲಿಂದ ಕದಲುವಂತಿಲ್ಲ. ತೋರಿಸದೆ ಯಾವುದನ್ನೂ ಬಾಯಿಗೆ ಹಾಕುವಂತಿಲ್ಲ. ನೆಲದ ಹಣ್ಣಿಗೆ ನರಿಯ ಲದ್ದಿ ತಾಗಿದ್ದರೆ ಅದರಿಂದ ಲಾಡಿಹುಳ ಬರುತ್ತದೆ ಎಂಬುದು ಮೂರು ವರ್ಷದವಕ್ಕೂ ಗೊತ್ತು. ಸಂಜೆ ಮನೆಯಲ್ಲಿ ಮೈಯೆಲ್ಲ ನೋಡಿ ಉಣುಗು ಕಚ್ಚಿದೆಯೇ ಎಂದು ಪರೀಕ್ಷಿಸಬೇಕು.

ಉಣುಗು ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗೇ ಹರಡುವ ಮಂಗನ ಕಾಯಿಲೆಯ ಹೆದರಿಕೆಯಲ್ಲೇ ಬದುಕಿದವರು ನಾವು. ಇಲ್ಲಿನ ಉಣುಗು ಹರಡುವ ಮೆದುಳು ಜ್ವರದ ವೈರಸ್ಸೂ ಅದೇ ಕುಟುಂಬದ್ದು, ದಾಯಾದಿ. ಇವರ ಈ ಜ್ವರಕ್ಕೆ ಒಳ್ಳೆಯ ಲಸಿಕೆ ಇದೆ, ಮೊಮ್ಮಗಳಿಗೂ ಹಾಕಿಸಿದ್ದಾರೆ. ನಮ್ಮ ಕಡೆ ಉಣುಗು ಹತ್ತದಿರಲೆಂದು ಕೈಕಾಲಿಗೆ ಡೇಪಾ ಎಣ್ಣೆ ಸವರಿಕೊಂಡು ದರಗು ತರಲು ಹೋಗುವ ಹೆಂಗಸರು ನೆನಪಾದರು.

ಮೇಲಕ್ಕೆ ಹೋದಂತೆ ಬೀಚ್ ಮರಗಳು ಅರಿಸಿನ ಬಣ್ಣಕ್ಕೆ ತಿರುಗಿದ್ದವು. ಒಂದು ಹುಡುಗಿ ಅಂಗಾತ ಮಲಗಿ ಎಲೆ ಉದುರುವುದನ್ನೇ ನೋಡುತ್ತಿತ್ತು. ಶಿಕ್ಷಕಿ ಪಕ್ಕದಲ್ಲೇ ಕೂತಿದ್ದರೂ ಒಂದು ಮಾತಾಡಲಿಲ್ಲ. ನನಗೋ ಬಾಯಿ ತುರಿಕೆ. ಮೊಮ್ಮಗಳನ್ನು ಕರೆದು, ಹಗಲು ಗಿಡ್ಡವಾದಾಗ ಎಲೆಯ ಹಸಿರು ಕರಗುತ್ತೆ, ಮೊದಲಿಂದ ಒಳಗೇ ಅಡಗಿದ್ದ ಹಳದಿ ಕಾಣುತ್ತೆ, ತೊಟ್ಟಿನ ಹತ್ತಿರ ಬಿರಡೆಯಂಥ ಪದರ ಬೆಳೆದು ಎಲೆ ಕಳಚುತ್ತೆ ಎಂದು ಕನ್ನಡದಲ್ಲಿ ಪಾಠ ಶುರುಮಾಡಿದೆ. ಪಾಪ, ಪೂರ್ತಿ ಕೇಳಿದಳು. "ಆಯ್ತಾ ಅಜ್ಜಿ? ಈಗ ಇದರ ಮೇಲೆ ಹಾರೋಣ."

ಹತ್ತೂವರೆಗೆ ತಿಂಡಿ. ಆಮೇಲೆ ಮೂವರು ದೊಡ್ಡ ಮಕ್ಕಳು ದಿಮ್ಮಿಯ ಮೇಲೆ ಕೂತು ಚಾಕು ತೆಗೆದಾಗ ನನ್ನ ಜೀವ ಬಾಯಿಗೆ ಬಂತು. ನಿಜವಾದ ಚಾಕು, ತುದಿ ಮಾತ್ರ ಮೊಂಡು. ಕೂತೇ ಕೆತ್ತಬೇಕು, ಮೈಯಿಂದ ಆಚೆಗೆ. ಪಕ್ಕದವರಿಗೂ ತಮಗೂ ಒಂದು ತೋಳಿನಷ್ಟು ಅಂತರ. ಎದ್ದರೆ ಮೊದಲು ಚಾಕು ಒರೆಗೆ. ಅರ್ಧ ಗಂಟೆ ಯಾರೂ ಗಲಾಟೆ ಮಾಡಲಿಲ್ಲ.

ಎಲ್ಲವನ್ನೂ ಮೆಚ್ಚಿ ನೋಡಿದೆ ಅಂದರೆ ಸುಳ್ಳಾಗುತ್ತದೆ. ಹದಿನೇಳು ಮಕ್ಕಳಿಗೆ ಮೂವರು ದೊಡ್ಡವರು! ನಲವತ್ತೆರಡನ್ನು ಒಬ್ಬಳೇ ಮೇಯಿಸಿದವಳಿಗೆ ಹೊಟ್ಟೆಕಿಚ್ಚಾಗದೇ ಇರುತ್ತದೆಯೇ? ಆರು ವರ್ಷದ ತನಕ ಒಂದಕ್ಷರವನ್ನೂ ತಿದ್ದಿಸುವುದಿಲ್ಲ ಅಂದರೆ ನಮ್ಮಲ್ಲಿ ಅಪ್ಪ ಅಮ್ಮ ಗೇಟಿಗೆ ಬಂದು ನಿಲ್ಲುತ್ತಾರೆ.

ಇಳಿಯುವಾಗ ದಾರಿಯುದ್ದಕ್ಕೂ ಚೆಸ್ಟ್‌ನಟ್ ಕಾಯಿ ಬಿದ್ದಿದ್ದವು. ಸಂತೆಯಲ್ಲಿ ಇದನ್ನು ಸುಟ್ಟು ಪೊಟ್ಟಣ ಕಟ್ಟಿ ಮಾರುವುದು ನೋಡಿದ್ದೆನಲ್ಲ, ದಪ್ಪದಪ್ಪನವು ಆರಿಸಿ ಸೆರಗಿಗೆ ತುಂಬಿದೆ. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಜ್ಜಿ, ಅದು ತಿನ್ನೋದಲ್ಲ. ಬಾಲ ಎಲ್ಲಿದೆ ನೋಡು."

ನನ್ನವು ಉರುಟಾಗಿ, ಗೋಲಿಯಂತೆ ನುಣುಪಾಗಿದ್ದವು. ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪ ಮುಳ್ಳು. ಅದು ಕುದುರೆ ಚೆಸ್ಟ್‌ನಟ್, ತಿಂದರೆ ವಾಂತಿ. ಇನ್ನೊಂದು ಮರದ ಕೆಳಗೆ ಕರೆದೊಯ್ದು ತೋರಿಸಿದಳು. ಅದರ ಸಿಪ್ಪೆ ಮುಳ್ಳುಹಂದಿ ಮರಿ, ಕೂದಲೆಳೆಯಂಥ ಸಾವಿರ ಮುಳ್ಳು. ಒಳಗಿನ ಬೀಜ ಒಂದು ಕಡೆ ಚಪ್ಪಟೆ, ತುದಿಯಲ್ಲಿ ಕುಚ್ಚಿನಂಥ ಪುಟ್ಟ ಬಾಲ. ಸಿಪ್ಪೆಯನ್ನು ಎರಡು ಬೂಟಿನ ನಡುವೆ ಒತ್ತಿ ಬೀಜ ಬಿಡಿಸುವುದನ್ನೂ ಕಲಿಸಿದಳು. ನನಗೆ ಮೂರನೇ ಸಲಕ್ಕೆ ಬಂತು.

ರಾತ್ರಿ ಬೀಜಕ್ಕೆ ಗೀರು ಹಾಕಿ ಕಾವಲಿಯ ಮೇಲೆ ಹುರಿದೆವು. ಗೀರು ಮರೆತ ಒಂದು ಢಬ್ ಎಂದು ಸಿಡಿದು ಫ್ರಿಜ್ಜಿನ ಕೆಳಗೆ ಹೋಯಿತು. ಬಿಸಿಬಿಸಿ ಸುಲಿದು ಬಾಯಿಗಿಟ್ಟೆ. ಕೆಂಡದಲ್ಲಿ ಸುಟ್ಟ ಹಲಸಿನ ಬೀಜ, ಸ್ವಲ್ಪ ಸಿಹಿ ಜಾಸ್ತಿ. "ಹಲಸಿನ ಬೀಜಕ್ಕೆ ಬಾಲ ಇರುತ್ತಾ ಅಜ್ಜಿ?" ಎಂದು ಕೇಳಿದಳು. ಅಷ್ಟು ವರ್ಷ ತಿಂದವಳು ಒಂದು ನಿಮಿಷ ಯೋಚಿಸಬೇಕಾಯಿತು.