ಹುಲಿಕೆರೆಯ ಕಿಟಕಿಗಳು

ಹಳೇಬೀಡಿಗೆ ಬಂದ ಪ್ರವಾಸಿಗರಲ್ಲಿ ಹುಲಿಕೆರೆಯವರೆಗೆ ಹೋಗುವವರು ವಿರಳ. ಹೋದವರೂ ಹೊಯ್ಸಳರ ಕಾಲದ ಕೊಳವನ್ನು ನೋಡಿ ಹಿಂದಿರುಗುತ್ತಾರೆ. 12ನೆಯ ಶತಮಾನದ ಆ ಕೊಳ ನೋಡತಕ್ಕದ್ದೇ ಸರಿ: ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳ ನಡುನಡುವೆ ಪುಟ್ಟ ಗುಡಿಗಳು, ತಳದಲ್ಲಿ ನೀರು. ಆ ನೀರನ್ನು ಹಿಡಿದಿಡುವುದಕ್ಕೆಂದೇ ಇಷ್ಟು ಕಲ್ಲು ಕಡಿದರು. ಆದರೆ ಮನೆಯ ಗೋಡೆಯ ಮೇಲೆ ಬಿದ್ದ ನೀರನ್ನು ಹಿಡಿದಿಡುವುದಲ್ಲ, ಬೇಗನೆ ಸಾಗಹಾಕಬೇಕು. ಈ ಸೀಮೆಯಲ್ಲಿ ಮನೆ ಮಾಡಿಕೊಂಡವರು ಮರೆಯುವುದು ಇದನ್ನೇ.

ಹಳೆಯ ತಾರಸಿ ಮನೆಯಲ್ಲಿ ಬೇಗ ಮುಪ್ಪು ತೋರುವ ಭಾಗಗಳಲ್ಲಿ ಕಿಟಕಿಯ ಕೆಳಗಿನ ಕಾಂಕ್ರೀಟು ಹಾಸೂ ಒಂದು. ಮುಂಗಾರಿನ ಎರಚಲು ಅದರ ಮೇಲೆ ನಿಂತು, ಕೂದಲೆಳೆಯಂಥ ಬಿರುಕಿನಿಂದ ಒಳಗಿಳಿದು ಕಂಬಿಯನ್ನು ಮುಟ್ಟುತ್ತದೆ. ತುಕ್ಕಿಗೆ ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚಿನ ಜಾಗ ಬೇಕು. ಅದು ಉಬ್ಬಿದಂತೆ ಕಾಂಕ್ರೀಟು ಹೋಳಾಗಿ ಬಿರಿಯುತ್ತದೆ. ಒಳಗೋಡೆ ನೆನೆಯುತ್ತದೆ, ಚೌಕಟ್ಟಿನ ಮರ ಕೊಳೆಯುತ್ತದೆ. ಮಾಳಿಗೆಯ ಕಿಟಕಿಯಾದರಂತೂ ಅಂಗಳದಲ್ಲಿ ಆಡುವ ಮಕ್ಕಳ ಮೇಲೆ ಚಕ್ಕೆ ಬೀಳುವ ಭಯ.

ಬಿರುಕಿನ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಹೊಡೆಸುವುದು ನಮ್ಮವರ ಮೊದಲ ಮದ್ದು. ಹಬ್ಬಕ್ಕೆ ಮನೆ ಚೆಂದ ಕಂಡರಾಯಿತಲ್ಲ! ತುಕ್ಕು ಒಳಗೇ ಉಳಿದಿರುವುದರಿಂದ ಮತ್ತೆ ಕೆಲವು ಮಳೆಗಾಲಗಳಲ್ಲಿ ಆ ತೇಪೆಯೂ ಕಳಚುತ್ತದೆ.

ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ಎಲ್ಲರೂ ಹೊಗಳುತ್ತಾರೆ. ಅವುಗಳ ಮೇಲೆ ಕೊಡೆಯಂತೆ ಮುಂಚಾಚಿ ಕೆಳಬಾಗಿದ ಲೋವೆಯನ್ನು ಯಾರೂ ಹೊಗಳುವುದಿಲ್ಲ. ಗೋಡೆಯ ಶಿಲ್ಪಕ್ಕೆ ಮಳೆನೀರು ಹರಿಯದಂತೆ ತಡೆಯುವ ಕೆಲಸ ಅದರದು.

ಮನೆಯ ಹಾಸನ್ನು ಬದಲಿಸುವವರೂ ಆ ಉಪಾಯವನ್ನೇ ಹಿಡಿಯಬೇಕು. ಹಳೆಯದನ್ನು ತುಂಡುತುಂಡಾಗಿ ಬಿಡಿಸಬೇಕು; ಒಮ್ಮೆಗೇ ಕಿತ್ತರೆ ಚೌಕಟ್ಟು ಅಲುಗುತ್ತದೆ. ಆ ಜಾಗಕ್ಕೆ ಗ್ರಾನೈಟಿನ ಚಪ್ಪಡಿ ಮೇಲು: ತುಕ್ಕು ಹಿಡಿಯಲು ಅದರಲ್ಲಿ ಕಂಬಿಯೇ ಇಲ್ಲ. ಕಾಂಕ್ರೀಟೇ ಬೇಕೆಂದರೆ ಕಂಬಿ ಮೇಲ್ಮೈಗೆ ಹತ್ತಿರ ಬರಬಾರದು, ಕನಿಷ್ಠ 7 ದಿನ ನೀರುಣಿಸಬೇಕು. ಯಾವುದಾದರೂ ಹೊರಮುಖವಾದ ಇಳಿಜಾರಿರಲಿ. ಗೋಡೆಯಿಂದ ಎರಡಂಗುಲ ಮುಂಚಾಚಿರಲಿ. ಚಾಚಿದ ಭಾಗದ ಕೆಳಮೈಯಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಕೊರೆದರೆ ಹನಿ ಅಲ್ಲಿಯೇ ಕಡಿದು ಕೆಳಗೆ ಬೀಳುತ್ತದೆ, ಗೋಡೆಯತ್ತ ಹಿಂದಕ್ಕೆ ಹರಿಯುವುದಿಲ್ಲ.

ಅರಸೀಕೆರೆಯ ಕಡೆ ಮಳೆ ಕಡಿಮೆ. ಬೇಲೂರಿನತ್ತ ಸಾಗಿದಂತೆ ಮಲೆನಾಡಿನ ಮಳೆ ಹತ್ತಿರವಾಗುತ್ತದೆ. ಹುಲಿಕೆರೆಯ ಸುತ್ತಿನಲ್ಲಿ ಈ ಕೆಲಸ ಜೂನ್ ತಿಂಗಳಿಗೆ ಮುನ್ನವೇ ಮುಗಿಯುವುದು ಲೇಸು. ಕೂಲಿ ಎಣಿಸಿಕೊಡುವ ಮೊದಲು ಮೇಸ್ತ್ರಿಯ ಎದುರಿನಲ್ಲಿಯೇ ಹೊಸ ಹಾಸಿನ ಮೇಲೆ ಒಂದು ತಂಬಿಗೆ ನೀರು ಸುರಿದು ನೋಡಬೇಕು. ನೀರು ಗೋಡೆಗೆ ಅಂಟಿಕೊಂಡು ಇಳಿದರೆ, ಕೆಲಸವಿನ್ನೂ ಬಾಕಿ.