ಹಲಗಲಿಯ ಬೆಂಕಿಗೆ ಕಾಯ್ದೆಯ ಕಾವಲು

ಬಸವನ ಬಾಗೇವಾಡಿಯಿಂದ ಹೊರಟಿದ್ದೀರಿ. ಕೊಲ್ಹಾರದಲ್ಲಿ ಗಡಿಗೆ ಮೊಸರು ಮಾರುವವರು ಎದುರಾಗುತ್ತಾರೆ. ಅಲ್ಲಿಂದ ಕೃಷ್ಣೆಯ ಉದ್ದ ಸೇತುವೆ, ಬೀಳಗಿ, ಚಿಂಕಾರಗಳು ಓಡಾಡುವ ಯಡಹಳ್ಳಿಯ ಕುರುಚಲು ಕಾಡು. ಆ ಸೀಮೆಯಲ್ಲೇ ಮುಧೋಳ ತಾಲ್ಲೂಕಿನ ಹಲಗಲಿ. ನವೆಂಬರ್ ತಿಂಗಳ ಕೊನೆ, ಎರೆಹೊಲದಲ್ಲಿ ಹಿಂಗಾರಿ ಜೋಳ ಎದ್ದು ನಿಂತಿದೆ.

ಇಲ್ಲಿ ಇಳಿಯಿರಿ. ಇದು 1857.

ಹತಾರ ಒಪ್ಪಿಸಬೇಕೆಂದು ಇಂಗ್ಲಿಷರ ಕಂಪನಿ ಸರ್ಕಾರದ ಆಜ್ಞೆಯಾಗಿದೆ. ಈ ಊರಿನ ಬೇಡರಿಗೆ ಹತಾರವೆಂದರೆ ಬೇಟೆ, ಅನ್ನ, ಮಾನ. ಅವರ ಮುಂದಾಳುಗಳಾದ ಜಡಗ, ಬಾಲ ಮೊದಲಾದವರು ಕೊಡುವುದಿಲ್ಲ ಎಂದಿದ್ದಾರೆ. ನವೆಂಬರ್ 29ರಂದು ಲೆಫ್ಟಿನೆಂಟ್ ಕೆರ್‌ನ ಕುದುರೆ ದಂಡು ಊರಿಗೆ ಬರುತ್ತದೆ. ಬೇಡರು ಮನೆಗಳ ಮರೆಯಿಂದ ಗುಂಡು ಹಾರಿಸುತ್ತಾರೆ, ದಂಡು ಹಿಂದೆ ಸರಿಯುತ್ತದೆ. ಮರುದಿನ ಕರ್ನಲ್ ಮಾಲ್ಕಂ ಹೆಚ್ಚಿನ ಪಡೆಯೊಂದಿಗೆ ಬರುತ್ತಾನೆ. ಮನೆಗಳಿಗೆ ಬೆಂಕಿ ಬೀಳುತ್ತದೆ. ಹೊಗೆ ಕಣ್ಣು ಕಟ್ಟುತ್ತದೆ, ದನಗಳು ಹಗ್ಗ ಕಿತ್ತುಕೊಳ್ಳುತ್ತವೆ, ಹೊರಗೆ ಓಡಿದವರ ಎದುರಿಗೆ ಬಂದೂಕು. ಸತ್ತವರು ಸುಮಾರು 100, ಸೆರೆಸಿಕ್ಕವರು 290. ಹನ್ನೊಂದೇ ದಿನಕ್ಕೆ, ಡಿಸೆಂಬರ್ 11ರ ಶುಕ್ರವಾರ, ಮುಧೋಳದಲ್ಲಿ 13 ಮಂದಿಗೆ ಗಲ್ಲು. 14ರ ಸೋಮವಾರ ಇಲ್ಲಿಯೇ, ಸುಟ್ಟ ಊರಿನ ಎದುರಿಗೇ, ಇನ್ನೂ 6 ಮಂದಿಗೆ.

ಈ ಕಥೆಯನ್ನು ಲಾವಣಿ ಮರೆತಿಲ್ಲ. ಲಾವಣಿಗೆ ಸಿಗದ ಒಂದು ಕಾಗದ ಮಾತ್ರ ಕಲ್ಕತ್ತೆಯಲ್ಲಿ ಹುಟ್ಟಿತು. ದಂಗೆಯ ದಿನಗಳಲ್ಲಿ ಅಧಿಕಾರಿಗಳು ಮಾಡಿದ ಕೆಲಸಗಳಿಗಾಗಿ ಅವರ ಮೇಲೆ ದಾವೆ ಹೂಡುವಂತಿಲ್ಲ ಎಂದು ರಕ್ಷಣೆ ಕೊಟ್ಟ 1860ರ 34ನೇ ಕಾಯ್ದೆ ಅದು. ಊರು ಸುಡಲು ಒಂದು ದಿನ ಸಾಕಾಯಿತು, ಸುಟ್ಟವರನ್ನು ಕಾಯಲು ಶಾಸನ ಬೇಕಾಯಿತು. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಆದಾಗಲೂ ಹೀಗೆಯೇ. ಅದರ ತನಿಖೆಗೆ ನೇಮಕವಾದ ಹಂಟರ್ ಸಮಿತಿ ಸಾಕ್ಷಿ ಕೇಳುವ ಮುನ್ನವೇ ಸೆಪ್ಟೆಂಬರಿನಲ್ಲಿ ಅಂಥದೇ ರಕ್ಷಣಾ ಕಾಯ್ದೆ ಬಂತು, ಮದನ ಮೋಹನ ಮಾಳವೀಯರು ತಾಸುಗಟ್ಟಲೆ ವಿರೋಧಿಸಿದರೂ ನಿಲ್ಲಲಿಲ್ಲ. ಅಮೆರಿಕದಲ್ಲಿ 2002ರಲ್ಲಿ ಸರ್ಕಾರಿ ವಕೀಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೈದಿಗಳ ಮೇಲಿನ ಕ್ರೂರ ವಿಚಾರಣೆಗೆ ಕಾನೂನಿನ ಒಪ್ಪಿಗೆಯನ್ನು ಗುಟ್ಟಾಗಿ ಬರೆದುಕೊಟ್ಟರು.

ಹಲಗಲಿ, ಜಲಿಯನ್‌ವಾಲಾ ಬಾಗ್ ನಡೆದದ್ದು ಪರಕೀಯರ ಕಾಲದಲ್ಲಿ ಎಂದು ಸುಮ್ಮನಾಗಲು ನನ್ನಿಂದ ಆಗದು. 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೇ ಕಲಂ ಪ್ರಕಾರ ಆ ಕಾಯ್ದೆಯಡಿ ಮಾಡಿದ ಕೆಲಸಕ್ಕಾಗಿ ಕೇಂದ್ರದ ಮಂಜೂರಾತಿ ಇಲ್ಲದೆ ಯೋಧರ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ 6 ಗಣಿ ಕಾರ್ಮಿಕರು ಸೇನೆಯ ಗುಂಡಿಗೆ ಬಿದ್ದರು. ರಾಜ್ಯ ಪೊಲೀಸರು 30 ಯೋಧರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿದರು. 2023ರಲ್ಲಿ ಕೇಂದ್ರ ಮಂಜೂರಾತಿ ನಿರಾಕರಿಸಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮಂಜೂರಾತಿ ಸಿಕ್ಕರೆ ಮುಂದುವರಿಯಬಹುದು ಎಂದು ಹೇಳಿ, ಪ್ರಕರಣ ಮುಗಿಸಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಮನೆಗಳಿಂದಲೂ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ. ನೇರವಾಗಿ ನಡೆದುಕೊಂಡ ಯೋಧನಿಗೆ ಈ ಕಾಯ್ದೆಯ ಮರೆ ಬೇಕಿಲ್ಲ, ಅದರಿಂದ ಅವನ ಹೆಸರಿಗೂ ಮಸಿ. ಮಂಜೂರಾತಿ ನಿರಾಕರಿಸುವಾಗ ಅದರ ಕಾರಣವನ್ನೂ ಅದಕ್ಕೆ ಆಧಾರವಾದ ಕಾನೂನು ಸಲಹೆಯನ್ನೂ ಸತ್ತವರ ಮನೆಯವರಿಗೆ ಬರಹದಲ್ಲಿ ಕೊಡಬೇಕು. ಮತ ಕೇಳಲು ಬರುವ ನಿಮ್ಮ ಸಂಸದರ ಮುಂದೆ ಈ ಬೇಡಿಕೆ ಇಡಿ.